ಕಾರ್ಖಾನೆಯಲ್ಲಿ ಗಾಯವಾದರೆ ಏನು ಬರೆಯಬೇಕು, ಯಾರಿಗೆ ತಿಳಿಸಬೇಕು: ಸಣ್ಣ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ. ಎಲ್ಲಿಗಾದರೂ ಹೋಗಿ, ಮೂವತ್ತು ನಲವತ್ತು ಜನ ಕೆಲಸ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅಪಘಾತದ ರಿಜಿಸ್ಟರ್ ತೋರಿಸಿ ಅಂತ ಕೇಳಿ. ನಾನು ನೋಡಿದ ಹೆಚ್ಚಿನ ಕಡೆ ಅದು ಖಾಲಿ. ಪವರ್ ಪ್ರೆಸ್ ಇದೆ, ಲೇತ್ ಇದೆ, ಗ್ರೈಂಡಿಂಗ್ ಇದೆ, ವೆಲ್ಡಿಂಗ್ ಇದೆ, ಆದರೂ ವರ್ಷಗಟ್ಟಲೆ ಯಾರಿಗೂ ಒಂದು ಗೀರೂ ಆಗಿಲ್ಲ ಅನ್ನುತ್ತದೆ ಆ ಪುಸ್ತಕ. ಇದನ್ನು ಯಾರು ನಂಬುತ್ತಾರೆ?

ರಿಜಿಸ್ಟರ್ ಅಂದರೆ ಇನ್‌ಸ್ಪೆಕ್ಟರ್ ಬಂದಾಗ ತೋರಿಸುವ ಪುಸ್ತಕ ಅಂತ ಬಹಳ ಜನ ತಿಳಿದಿದ್ದಾರೆ. ಅದು ಮೊದಲು ಬೇಕಾಗುವುದು ಬೆರಳು ಕಳೆದುಕೊಂಡವನಿಗೆ. ಮುಂದೆ ಅವನಿಗೆ ಸಿಗುವ ಪ್ರತಿ ರೂಪಾಯಿಗೂ ಆ ಒಂದು ಸಾಲಿನ ಬರಹವೇ ಆಧಾರ. ಆಮೇಲೆ ಬೇಕಾಗುವುದು ಅದೇ ಮಷಿನ್ ಮುಂದೆ ನಾಳೆ ನಿಲ್ಲುವವನಿಗೆ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಕರ್ನಾಟಕದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳವರಿಗೆ, ಅಲ್ಲಿನ ಎಚ್‌ಆರ್, ಸೂಪರ್‌ವೈಸರ್, ಅಕೌಂಟ್ಸ್ ಜೊತೆಗೆ ಈ ಕೆಲಸವನ್ನೂ ಹೊತ್ತುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮ್ಮ ವಿಷಯಕ್ಕೆ ಬೇಕಾದವು ಎರಡು. ಒಂದು, ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020. ಇದು 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿದೆ. ಇನ್ನೊಂದು, ಸಾಮಾಜಿಕ ಭದ್ರತಾ ಸಂಹಿತೆ, 2020. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮತ್ತು ಪರಿಹಾರದ ವಿಷಯಗಳು ಇದರೊಳಗೆ ಬಂದಿವೆ.

ಹಾಗಾದರೆ ಹಳೆಯದೆಲ್ಲ ಹೋಯಿತಾ? ಇಲ್ಲ. ಬದಲಾವಣೆಯ ಅವಧಿಯಲ್ಲಿ ಹಳೆಯ ನಿಯಮಗಳು, ನಮೂನೆಗಳು, ಅಧಿಸೂಚನೆಗಳು ಮುಂದುವರಿಯುತ್ತವೆ ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಹಾಗಾಗಿ 1969ರ ಕರ್ನಾಟಕ ಕಾರ್ಖಾನೆ ನಿಯಮಗಳ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಹಳೆಯದು ಮತ್ತು ಹೊಸದು ಬೇರೆ ಬೇರೆ ಹೇಳಿದರೆ, ಎರಡರಲ್ಲಿ ಯಾವುದು ಬಿಗಿಯೋ ಅದನ್ನು ಪಾಲಿಸಿ. ಕೆಲಸ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಸಿಕ್ಕಿಹಾಕಿಕೊಳ್ಳುವ ಭಯ ಇರುವುದಿಲ್ಲ.

ಈಗ ತಲೆ ಎಣಿಸಿ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆ ಇದನ್ನು 20 ಮತ್ತು 40ಕ್ಕೆ ಏರಿಸಿದೆ. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಅಷ್ಟು ಜನ ಇದ್ದಿದ್ದರೂ ಸಾಕು, ಲೆಕ್ಕಕ್ಕೆ ಬರುತ್ತದೆ. ಎಣಿಸುವಾಗ ಕಾಂಟ್ರಾಕ್ಟರ್ ಕಡೆಯವರನ್ನು ಬಿಡಬೇಡಿ. ಅವರೂ ನಿಮ್ಮ ಕಾರ್ಖಾನೆಯ ಕೆಲಸಗಾರರೇ.

"ನಮ್ಮಲ್ಲಿ ಇರೋದು ಹದಿನೈದೇ ಜನ, ಇನ್ನು ನಾವು ಫ್ಯಾಕ್ಟರಿನೇ ಅಲ್ಲ, ಏನೂ ಬರೆಯಬೇಕಾಗಿಲ್ಲ" ಅನ್ನುವ ಮಾತು ಈಗ ಓಡಾಡುತ್ತಿದೆ. ಇದು ತಪ್ಪು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಉದ್ಯಮ, ವ್ಯಾಪಾರ, ತಯಾರಿಕೆಯ ಜಾಗಗಳೆಲ್ಲ ಹೊಸ ಸಂಹಿತೆಯ ಪ್ರಕಾರ 'ಸಂಸ್ಥೆ'ಗಳು. ಅಪಘಾತದ ಸೂಚನೆ ಕೊಡಬೇಕು ಅನ್ನುವ ಕಲಂ ಹೇಳುವುದು ಸಂಸ್ಥೆಯ ಬಗ್ಗೆ, ಕಾರ್ಖಾನೆಯ ಬಗ್ಗೆ ಮಾತ್ರ ಅಲ್ಲ. ಜೊತೆಗೆ 10 ಜನ ಇದ್ದರೆ ಇಎಸ್‌ಐ ಕೂಡ ಇರುತ್ತದೆ. ಅಂದರೆ ಹದಿನೈದು ಜನರ ವರ್ಕ್‌ಶಾಪಿಗೂ ರಿಜಿಸ್ಟರ್ ತಪ್ಪಿದ್ದಲ್ಲ.

ಹೆಜ್ಜೆ 2: ಒಬ್ಬರ ಹೆಸರಿಗೆ ಈ ಕೆಲಸ ಒಪ್ಪಿಸಿ

ಸುರಕ್ಷತಾ ಅಧಿಕಾರಿಯನ್ನು ಇಡಲೇಬೇಕು ಅನ್ನುವ ಮಿತಿ ಹಳೆಯ ಕಾಯ್ದೆಯಲ್ಲಿ 1000 ಜನ ಇತ್ತು. ಹೊಸದರಲ್ಲಿ 500. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಗೆ 250. ನೀವು ಇದಕ್ಕಿಂತ ಚಿಕ್ಕವರಾದರೆ ಕಾನೂನು ಒತ್ತಾಯ ಮಾಡುವುದಿಲ್ಲ. ಆದರೂ ಒಬ್ಬರಿಗೆ ಲಿಖಿತವಾಗಿ ವಹಿಸಿ. ಅವರು ರಜೆ ಹಾಕಿದರೆ ಇನ್ನೊಬ್ಬರು ಯಾರು ಅಂತಲೂ ಬರೆದಿಡಿ. ರಾತ್ರಿ ಶಿಫ್ಟಿನಲ್ಲಿ ಗಾಯವಾದರೆ ರಿಜಿಸ್ಟರ್ ಇಟ್ಟ ಬೀರುವಿನ ಕೀ ಮ್ಯಾನೇಜರ್ ಮನೆಯಲ್ಲಿ ಇರಬಾರದು. ಶಿಫ್ಟ್ ಸೂಪರ್‌ವೈಸರ್ ಕೈಗೆ ಸಿಗುವ ಜಾಗದಲ್ಲಿ ಪುಸ್ತಕ ಇರಲಿ.

ಹೆಜ್ಜೆ 3: ಗಾಯವಾದ ಮೊದಲ ಒಂದು ಗಂಟೆ

ಮೊದಲು ಮನುಷ್ಯ, ಆಮೇಲೆ ಕಾಗದ. ಮಷಿನ್ ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ, ರಕ್ತ ನಿಲ್ಲಿಸಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸಿನ ಮೇಲೆ ಇಟ್ಟು ಜೊತೆಗೇ ಕೊಂಡೊಯ್ಯಿರಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಹಳೆಯ ಕಾಯ್ದೆಯಂತೆ ಪ್ರತಿ 150 ಕೆಲಸಗಾರರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಆದರೆ ಜಾಗ ದೊಡ್ಡದಿದ್ದರೆ ಶೆಡ್ಡಿಗೊಂದು ಇಡಿ. ಅವಧಿ ಮುಗಿದ ಔಷಧಿ, ಒಣಗಿದ ಹತ್ತಿ ತುಂಬಿದ ಪೆಟ್ಟಿಗೆಯಿಂದ ಯಾರಿಗೂ ಉಪಯೋಗ ಇಲ್ಲ, ತಿಂಗಳಿಗೊಮ್ಮೆ ತೆರೆದು ನೋಡಿ.

ತೊಟ್ಟಿ, ಸಂಪ್, ಒಳಚರಂಡಿ, ಮುಚ್ಚಿದ ಟ್ಯಾಂಕ್ ಒಳಗೆ ಯಾರಾದರೂ ಬಿದ್ದರೆ ಮಾತ್ರ ತಕ್ಷಣ ಇಳಿಯಬೇಡಿ, ಬೇರೆಯವರನ್ನೂ ಇಳಿಸಬೇಡಿ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದಿಂದ ಬಂದ 5 ಯುವ ಕಾರ್ಮಿಕರು ಸತ್ತರು. ಒಬ್ಬ ಬಿದ್ದ, ಉಳಿದವರು ಅವನನ್ನು ಎತ್ತಲು ಇಳಿದರು. ಇಂಥ ಸಾವುಗಳು ಬಹುಪಾಲು ಹೀಗೇ ಆಗುವುದು. ಉಸಿರಾಟದ ಉಪಕರಣ ಇಲ್ಲದೆ, ಹಗ್ಗ ಕಟ್ಟಿಕೊಳ್ಳದೆ ಯಾರೂ ಇಳಿಯಬಾರದು ಅಂತ ತೊಟ್ಟಿಯ ಬಾಯಿಯ ಹತ್ತಿರವೇ ದೊಡ್ಡದಾಗಿ ಬರೆಸಿ. ಕೆಲಸಗಾರರಿಗೆ ಗೊತ್ತಿರುವ ಭಾಷೆಯಲ್ಲಿ ಬರೆಸಿ. ನಿಮ್ಮಲ್ಲಿ ಒಡಿಶಾ, ಬಿಹಾರದವರು ಜಾಸ್ತಿ ಇದ್ದರೆ ಕನ್ನಡ, ಇಂಗ್ಲಿಷ್ ಫಲಕ ಮಾತ್ರ ಸಾಲದು.

ಆಸ್ಪತ್ರೆಯಲ್ಲಿ ಒಂದು ಮಾತು ಬಹಳ ಮುಖ್ಯ. ಹೇಗೆ ಪೆಟ್ಟಾಯಿತು ಅಂತ ಡಾಕ್ಟರ್ ಕೇಳಿದಾಗ ನಿಜ ಹೇಳಿ. "ಬೈಕಿಂದ ಬಿದ್ದ ಅಂತ ಹೇಳಿಬಿಡು" ಅಂತ ಹೇಳಿಕೊಟ್ಟು ಕಳಿಸುವ ಅಭ್ಯಾಸ ಕೆಲವು ಕಡೆ ಇದೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆಸ್ಪತ್ರೆಯ ಎಂಎಲ್‌ಸಿ ದಾಖಲೆಯಲ್ಲಿ (ಪೊಲೀಸರಿಗೂ ಹೋಗುವ ವೈದ್ಯಕೀಯ-ಕಾನೂನು ದಾಖಲೆ) ಬೈಕ್ ಅಂತ ಬರೆದರೆ, ಆಮೇಲೆ ಅದು ಪ್ರೆಸ್ಸಿನಲ್ಲಿ ಆದದ್ದು ಅಂತ ಸಾಬೀತು ಮಾಡಲು ಆ ಹುಡುಗ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಮಾಲೀಕರಿಗೂ ಒಳ್ಳೆಯದಾಗುವುದಿಲ್ಲ. ಸುಳ್ಳು ಹೇಳಿಸಿದ್ದು ಹೊರಬಿದ್ದ ದಿನ ಸಣ್ಣ ಪ್ರಕರಣವೂ ದೊಡ್ಡದಾಗುತ್ತದೆ.

ಹೆಜ್ಜೆ 4: ರಿಜಿಸ್ಟರ್ ಬರೆಯುವುದು

ಇಎಸ್‌ಐ ನಿಯಮಾವಳಿಯ ನಮೂನೆ 11 ಅಂದರೆ ಅಪಘಾತ ಪುಸ್ತಕ. ಸಣ್ಣ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಬೇಕಿಲ್ಲ. ಇದನ್ನೇ ಮೂಲ ದಾಖಲೆ ಮಾಡಿಕೊಳ್ಳಿ, ಉಳಿದ ನಮೂನೆಗಳನ್ನೆಲ್ಲ ಇದರಿಂದಲೇ ತುಂಬಬಹುದು.

ಅದರಲ್ಲಿ ಏನೇನು ಇರುತ್ತದೆ? ಸೂಚನೆ ಬಂದ ದಿನ ಮತ್ತು ಸಮಯ, ಗಾಯಗೊಂಡವರ ಹೆಸರು, ವಿಳಾಸ, ವಯಸ್ಸು, ವಿಮಾ ಸಂಖ್ಯೆ, ಶಿಫ್ಟ್, ವಿಭಾಗ, ಕೆಲಸ. ಆಮೇಲೆ ಗಾಯದ ವಿವರ: ಕಾರಣ, ಯಾವ ಥರದ ಗಾಯ, ದಿನ, ಸಮಯ, ಜಾಗ, ಆ ಹೊತ್ತಿನಲ್ಲಿ ಅವರು ನಿಖರವಾಗಿ ಏನು ಮಾಡುತ್ತಿದ್ದರು. ಸೂಚನೆ ಕೊಟ್ಟವರ ಸಹಿ ಅಥವಾ ಹೆಬ್ಬೆಟ್ಟು, ಬರೆದುಕೊಂಡವರ ಸಹಿ, ಇಬ್ಬರು ಸಾಕ್ಷಿಗಳ ಹೆಸರು. ಪುಸ್ತಕ ತುಂಬಿದ ಮೇಲೆ ಕೊನೆಯ ಬರಹದ ದಿನದಿಂದ 5 ವರ್ಷ ಜೋಪಾನ ಮಾಡಬೇಕು.

ಜನ ತಪ್ಪುವುದು "ಏನು ಮಾಡುತ್ತಿದ್ದರು" ಅನ್ನುವ ಕಾಲಂನಲ್ಲಿ. ಅಲ್ಲಿ "ಡ್ಯೂಟಿಯಲ್ಲಿದ್ದಾಗ ಕೈಗೆ ಗಾಯ" ಅಂತ ಬರೆದು ಮುಗಿಸುತ್ತಾರೆ. ಇದರಿಂದ ಯಾರಿಗೆ ಏನು ತಿಳಿಯಿತು? ಹೀಗೆ ಬರೆದು ನೋಡಿ: "30 ಟನ್ ಪವರ್ ಪ್ರೆಸ್ಸಿನಲ್ಲಿ ಬ್ರಾಕೆಟ್ ಒತ್ತುತ್ತಿದ್ದರು. ಡೈನಲ್ಲಿ (ಅಚ್ಚಿನಲ್ಲಿ) ಸಿಕ್ಕಿದ ತುಣುಕನ್ನು ಬಲಗೈಯಿಂದ ತೆಗೆಯುವಾಗ ಫುಟ್ ಪೆಡಲ್ ಒತ್ತಿಹೋಯಿತು. ಬಲಗೈ ತೋರುಬೆರಳಿನ ಮೊದಲ ಗಂಟಿನವರೆಗೆ ತುಂಡಾಗಿದೆ. ಮುಂದಿನ ಗಾರ್ಡ್ ಇರಲಿಲ್ಲ." ನಾಲ್ಕೇ ಸಾಲು. ಊನ ಎಷ್ಟು ಅಂತ ನಿರ್ಧರಿಸುವ ವೈದ್ಯಕೀಯ ಮಂಡಳಿಗೂ ಅರ್ಥ ಆಗುತ್ತದೆ, ನಾಳೆ ಮಷಿನ್ ಸರಿ ಮಾಡುವ ಫಿಟ್ಟರಿಗೂ ಅರ್ಥ ಆಗುತ್ತದೆ.

ಎಡಗೈಯೋ ಬಲಗೈಯೋ, ಯಾವ ಬೆರಳು, ಎಷ್ಟರವರೆಗೆ. ಇದನ್ನು ಬಿಡಲೇಬಾರದು. ಅಂಗವೈಕಲ್ಯದ ಲೆಕ್ಕ ಅದರ ಮೇಲೇ ನಿಂತಿರುತ್ತದೆ. ಇಎಸ್‌ಐ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆ ಸಾಮರ್ಥ್ಯದ ನಷ್ಟ ಶೇ. 30 ಅಂತಿದೆ. ತೋರುಬೆರಳು ಪೂರ್ತಿ ಹೋದರೆ ಶೇ. 14, ಎರಡು ಗಂಟು ಹೋದರೆ ಶೇ. 11, ಒಂದು ಗಂಟು ಹೋದರೆ ಶೇ. 9. ಒಂದು ಗಂಟಿನ ವ್ಯತ್ಯಾಸ ಆ ಮನುಷ್ಯನಿಗೆ ಜೀವನಪೂರ್ತಿ ಬರುವ ಹಣದಲ್ಲಿ ಕಾಣುತ್ತದೆ.

ಯಾವ ಗಾಯ ಬರೆಯಬೇಕು, ಯಾವುದು ಬೇಡ? ಎಲ್ಲವನ್ನೂ ಬರೆಯಿರಿ. ಬ್ಯಾಂಡೇಜ್ ಸುತ್ತಿ ಕೆಲಸಕ್ಕೆ ಮರಳಿದ್ದನ್ನೂ ಬರೆಯಿರಿ. ಕಣ್ಣಿಗೆ ಬಿದ್ದ ಗ್ರೈಂಡಿಂಗ್ ಪುಡಿ ಸಂಜೆ ಸುಮ್ನೆ ಉರಿ, ಮೂರನೇ ದಿನ ಹುಣ್ಣು. ತುಕ್ಕು ಹಿಡಿದ ತಗಡಿನ ಗೀರು ವಾರದ ಮೇಲೆ ಕೀವು. ಆ ದಿನದ ಬರಹ ಇಲ್ಲದಿದ್ದರೆ ಅದು ಕೆಲಸದಲ್ಲಿ ಆದ ಗಾಯ ಅಂತ ಹೇಳಲು ಏನೂ ಆಧಾರ ಇರುವುದಿಲ್ಲ.

ಹಾಗೆಯೇ, ಸ್ವಲ್ಪದರಲ್ಲಿ ತಪ್ಪಿದ್ದನ್ನು ಬರೆಯಲು ಬೇರೆ ಒಂದು ನೋಟ್‌ಬುಕ್ ಇಡಿ. ಕ್ರೇನಿನ ಬೆಲ್ಟ್ ಜಾರಿ ಸರಕು ಬಿತ್ತು, ಅಡಿಯಲ್ಲಿ ಯಾರೂ ಇರಲಿಲ್ಲ. ಇದು ಗಾಯ ಅಲ್ಲ, ರಿಜಿಸ್ಟರಿಗೆ ಬರುವುದಿಲ್ಲ. ಆದರೆ ಮುಂದಿನ ಸಾವು ಎಲ್ಲಿಂದ ಬರುತ್ತದೆ ಅಂತ ಹೇಳುವುದು ಇದೇ ನೋಟ್‌ಬುಕ್. ಕೆಲಸಗಾರರು ಇದರಲ್ಲಿ ಬರೆಯಬೇಕಾದರೆ ಬರೆದವನಿಗೆ ಬೈಗುಳ ಬೀಳಬಾರದು. ಒಂದು ಸಲ ಬೈದರೆ ಸಾಕು, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಬರಹವನ್ನು ತಿದ್ದಬೇಕಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ವೈಟ್ನರ್ ಬೇಡ. ಹಾಳೆ ಹರಿಯುವುದಂತೂ ಬೇಡವೇ ಬೇಡ.

ಹೆಜ್ಜೆ 5: ಇಲಾಖೆಗೆ ಯಾವಾಗ ತಿಳಿಸಬೇಕು

ಇಲ್ಲಿ ನೆನಪಿಡಬೇಕಾದ ಸಂಖ್ಯೆ 48. ಗಾಯದಿಂದಾಗಿ ಅಪಘಾತದ ನಂತರದ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲು ಆಗದಿದ್ದರೆ ಸೂಚನೆ ಕಳಿಸಲೇಬೇಕು. ಹಳೆಯ ಕಾಯ್ದೆಯ 88ನೇ ಕಲಂ ಇದನ್ನೇ ಹೇಳುತ್ತಿತ್ತು, ಹೊಸ ಸಂಹಿತೆಯ 10ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಸೂಚನೆ ಹೋಗಬೇಕಾದದ್ದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. ಇದರ ಕೇಂದ್ರ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ನಿಮ್ಮ ಪ್ರದೇಶದ ಅಧಿಕಾರಿ ಯಾರು, ಅವರ ಫೋನ್, ಇಮೇಲ್ ಏನು ಅಂತ ಇವತ್ತೇ ತಿಳಿದುಕೊಂಡು ಗೋಡೆಗೆ ಅಂಟಿಸಿ. ಅಪಘಾತ ಆದ ಮೇಲೆ ಹುಡುಕಲು ಹೊರಟರೆ ಅರ್ಧ ದಿನ ಹೋಗುತ್ತದೆ.

ಗಾಯಾಳುವನ್ನು ಕರೆದು ತಂದು ಗೇಟಿನ ಹತ್ತಿರ ಕೂರಿಸಿ ಹಾಜರಿ ಹಾಕಿಸಿ, "48 ಗಂಟೆ ಆಗಲೇ ಇಲ್ಲ" ಅನ್ನುವವರಿದ್ದಾರೆ. ಕೈಗೆ ಪಟ್ಟಿ ಕಟ್ಟಿಕೊಂಡು ಸ್ಟೂಲ್ ಮೇಲೆ ಕೂತವನು ಪ್ರೆಸ್ ಓಡಿಸುತ್ತಿದ್ದಾನಾ? ಅವನ ಮಾಮೂಲಿ ಕೆಲಸ ಅವನಿಂದ ಆಗುತ್ತಿಲ್ಲ ಅಂದ ಮೇಲೆ ಸೂಚನೆ ಕಳಿಸಿ. ಸೋಮವಾರ ಗಾಯ, ಮಂಗಳವಾರ ಬಂದ, ಬುಧವಾರ ಊತ ಜಾಸ್ತಿಯಾಗಿ ವಾರ ಮಲಗಿದ ಅಂದರೂ ಕಳಿಸಿ. ಅನುಮಾನ ಇದ್ದಾಗ ಕಳಿಸಿದ ಸೂಚನೆಯಿಂದ ತೊಂದರೆ ಆಗುವುದಿಲ್ಲ, ಕಳಿಸದೆ ಬಿಟ್ಟದ್ದರಿಂದ ಆಗುತ್ತದೆ.

ಸಾವಾದರೆ ಕಾಯುವ ಮಾತೇ ಇಲ್ಲ. ತಕ್ಷಣ ಫೋನ್ ಮಾಡಿ. ಇಲಾಖೆಗೆ, ಪೊಲೀಸ್ ಠಾಣೆಗೆ, ಮನೆಯವರಿಗೆ. ಜೀವ ಉಳಿಸಲು ಬೇಕಾದಷ್ಟನ್ನು ಬಿಟ್ಟು ಜಾಗವನ್ನು ಮುಟ್ಟಬೇಡಿ. ಮಷಿನ್ ಒರೆಸಿ, ಗಾರ್ಡ್ ತಂದು ಕೂರಿಸಿ, ಆಮೇಲೆ ಅಧಿಕಾರಿಯನ್ನು ಕರೆಯುವುದು ಸಾಕ್ಷ್ಯ ನಾಶ. ಸುರಕ್ಷತೆಯ ಕರ್ತವ್ಯ ಮೀರಿದ್ದರಿಂದ ಸಾವಾಯಿತು ಅಂತ ಸಾಬೀತಾದರೆ ಹೊಸ ಸಂಹಿತೆಯಲ್ಲಿ 2 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ ಇವೆ. ಆ ದಂಡದಲ್ಲಿ ಕನಿಷ್ಠ ಅರ್ಧವನ್ನು ಸಂತ್ರಸ್ತರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶ ಇದೆ. ಹಳೆಯ ಕಾಯ್ದೆಯಲ್ಲಿ ಇಂಥ ಅವಕಾಶ ಇರಲಿಲ್ಲ. ಇದು ಬಂದದ್ದು ನನಗೆ ನಿಜಕ್ಕೂ ಸಂತೋಷ.

ಯಾರಿಗೂ ಗಾಯ ಆಗದಿದ್ದರೂ ತಿಳಿಸಬೇಕಾದ ಘಟನೆಗಳಿವೆ. ಒತ್ತಡದ ಪಾತ್ರೆ ಸಿಡಿಯುವುದು, ಕ್ರೇನ್ ಅಥವಾ ಹಾಯ್ಸ್ಟ್ ಮುರಿದು ಬೀಳುವುದು, ಸ್ಫೋಟ, ಬೆಂಕಿ, ಗೋಡೆ ಕುಸಿತ ಇಂಥವು. ಕೆಲಸದಿಂದ ಬರುವ ಕಾಯಿಲೆಗಳೂ ಹಾಗೇ. ಫೌಂಡ್ರಿ ಮತ್ತು ಕಲ್ಲು ಕ್ರಷರ್‌ಗಳ ಸಿಲಿಕೋಸಿಸ್, ಬ್ಯಾಟರಿ ಕೆಲಸದ ಸೀಸದ ವಿಷ, ಸದ್ದಿನಿಂದ ಕಿವಿ ಮಂದವಾಗುವುದು, ಇವೆಲ್ಲ ಸೂಚನೆ ಕೊಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿವೆ. ಪತ್ತೆ ಹಚ್ಚಿದ ಡಾಕ್ಟರಿಗೂ ತಿಳಿಸುವ ಹೊಣೆ ಇದೆ. ಇವು ಒಂದು ದಿನದಲ್ಲಿ ಆಗುವ ಅಪಘಾತಗಳಲ್ಲ, ಹಾಗಾಗಿ ರಿಜಿಸ್ಟರಿನ ಹೊರಗೇ ಉಳಿದುಬಿಡುತ್ತವೆ. 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅಂತ ಹೊಸ ವ್ಯವಸ್ಥೆ ಹೇಳುತ್ತದಲ್ಲ, ಅದರ ವರದಿಗಳನ್ನು ಫೈಲಿಗೆ ಹಾಕುವ ಮುಂಚೆ ಒಂದು ಸಲ ಓದಿ.

ಹೆಜ್ಜೆ 6: ಇಎಸ್‌ಐ ಕೆಲಸ ಅದೇ ದಿನ

ಇಲಾಖೆಗೆ ಸೂಚನೆ ಬೇರೆ, ಇಎಸ್‌ಐ ವರದಿ ಬೇರೆ. ಒಂದು ಕಳಿಸಿದರೆ ಇನ್ನೊಂದು ಮುಗಿದಂತಲ್ಲ. ಇಎಸ್‌ಐಗೆ ನಮೂನೆ 12ರಲ್ಲಿ ಅಪಘಾತ ವರದಿ ಹೋಗಬೇಕು. ಈಗ ಇಎಸ್‌ಐ ನಿಗಮದ ಜಾಲತಾಣದಲ್ಲಿ ಉದ್ಯೋಗದಾತರ ಲಾಗಿನ್ ಮೂಲಕವೇ ಕಳಿಸಬಹುದು. ಗಾಯ ಗಂಭೀರವಾಗಿದ್ದರೆ ತಕ್ಷಣ, ಇಲ್ಲದಿದ್ದರೂ ಮರುದಿನದೊಳಗೆ ಮುಗಿಸಿ. ಕಳಿಸಿದ ಪ್ರತಿಯನ್ನು ಮುದ್ರಿಸಿ ಇಡಿ, ಗಾಯಾಳುವಿಗೂ ಒಂದು ಕೊಡಿ.

ಇದರಿಂದ ಅವರಿಗೆ ಸಿಗುವುದೇನು ಅಂತ ಎಷ್ಟೋ ಸೂಪರ್‌ವೈಸರ್‌ಗಳಿಗೇ ಗೊತ್ತಿಲ್ಲ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಕೆಲಸದಲ್ಲಿ ಗಾಯವಾಗಿ, ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸಕ್ಕೆ ಹೋಗಲಾಗದಿದ್ದರೆ, ಗುಣವಾಗುವವರೆಗೆ ಸರಾಸರಿ ದಿನಗೂಲಿಯ ಶೇ. 90ರ ದರದಲ್ಲಿ ಹಣ ಬರುತ್ತದೆ. ಇಷ್ಟು ತಿಂಗಳು ಚಂದಾ ಕಟ್ಟಿರಬೇಕು ಅನ್ನುವ ಷರತ್ತು ಇದಕ್ಕೆ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಹಕ್ಕು ಇದೆ. ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ಶೇಕಡಾವಾರು ನಿರ್ಧರಿಸಿದ ಮೇಲೆ ಜೀವನಪೂರ್ತಿ ಹಣ. ಸಾವಾದರೆ ಅವಲಂಬಿತರಿಗೆ ಪಿಂಚಣಿ. ಇಷ್ಟೆಲ್ಲ ಸಿಗಬೇಕಾದವನ ಕೈಗೆ ಐದು ಹತ್ತು ಸಾವಿರ ಕೊಟ್ಟು ಊರಿಗೆ ಕಳಿಸಿಬಿಡುವುದನ್ನು ದಯವಿಟ್ಟು ಮಾಡಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದರಿಂದ ಅವನಿಗೆ ನಷ್ಟವೇ.

ಎಡವಟ್ಟಾಗುವುದು ನೋಂದಣಿಯಲ್ಲಿ. "ನಾಲ್ಕು ದಿನ ನೋಡೋಣ, ನಿಲ್ಲುತ್ತಾನಾ ಅಂತ" ಅಂದುಕೊಂಡು ಇಎಸ್‌ಐ ಸಂಖ್ಯೆ ಮಾಡಿಸುವುದನ್ನು ಮುಂದೂಡುತ್ತಾರೆ. ಹೊಸಬರಿಗೇ ಗಾಯದ ಅಪಾಯ ಜಾಸ್ತಿ. ಅಪಘಾತ ಆದ ಸಂಜೆ ನೋಂದಣಿ ಮಾಡಿಸಿದರೆ ನಿಗಮ ಅನುಮಾನದಿಂದ ನೋಡುತ್ತದೆ, ನೋಡಬೇಕಾದ್ದೇ. ನಿಯಮದಲ್ಲಿ 10 ದಿನ ಇದೆ ಅಂತ ಕಾಯಬೇಡಿ. ಗೇಟಿನೊಳಗೆ ಬಂದ ದಿನವೇ ಮಾಡಿಸಿ. ಕಾಂಟ್ರಾಕ್ಟರ್ ತನ್ನ ಜನರಿಗೆ ಮಾಡಿಸಿದ್ದಾನಾ ಅಂತ ಪ್ರತಿ ತಿಂಗಳು ಚಂದಾ ಕಟ್ಟಿದ ಚಲನ್ ನೋಡಿ, ಹೆಸರುಗಳನ್ನು ಹಾಜರಿಯ ಜೊತೆ ತಾಳೆ ಹಾಕಿ. ಅವನು ಮಾಡಿಸದಿದ್ದರೆ ಹೊಣೆ ಪ್ರಧಾನ ಉದ್ಯೋಗದಾತರಾದ ನಿಮ್ಮ ಮೇಲೆಯೇ ಬರುತ್ತದೆ.

ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸದಿಂದ ಮನೆಗೆ ಹೋಗುವಾಗ ದಾರಿಯಲ್ಲಿ ಆದ ಅಪಘಾತವೂ ಸಂದರ್ಭ, ಸಮಯ, ಜಾಗ ಕೆಲಸಕ್ಕೆ ಹೊಂದಿಕೊಂಡರೆ ಉದ್ಯೋಗದ ಗಾಯವೇ. ಇದು ಇಎಸ್‌ಐ ಕಾಯ್ದೆಗೆ 2010ರಲ್ಲಿ ಸೇರಿದ್ದು. ಇದನ್ನೂ ರಿಜಿಸ್ಟರಿನಲ್ಲಿ ಬರೆಯಿರಿ, ಶಿಫ್ಟ್ ಸಮಯ ಮತ್ತು ಮಾಮೂಲಿ ದಾರಿ ಯಾವುದು ಅಂತ ನಮೂದಿಸಿ.

ಸಂಬಳ 21,000 ದಾಟಿದವರಿಗೆ ಇಎಸ್‌ಐ ಇಲ್ಲ. ಅವರಿಗೆ ಪರಿಹಾರ ಕೊಡಬೇಕಾದವರು ಮಾಲೀಕರೇ. ಪರಿಹಾರ ಬಾಕಿಯಾದ ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಮೊತ್ತದ ಶೇ. 50ರವರೆಗೆ ಹೆಚ್ಚುವರಿ ಹೊರೆ. ಇಂಥ ಕೆಲಸಗಾರರು ಇಬ್ಬರೇ ಇದ್ದರೂ ವಿಮಾ ಪಾಲಿಸಿ ಮಾಡಿಸಿ.

ಹೆಜ್ಜೆ 7: ಕಾರಣ ಹುಡುಕಿ. "ಅಜಾಗರೂಕತೆ" ಅಂತ ಬರೆದು ಮುಗಿಸಬೇಡಿ

ಬರೆದಿರುವ ರಿಜಿಸ್ಟರ್‌ಗಳಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ ಪದ ಇದು. ಕಾರಣ: ಕೆಲಸಗಾರನ ಅಜಾಗರೂಕತೆ. ಕ್ರಮ: ಎಚ್ಚರಿಕೆ ನೀಡಲಾಯಿತು. ಆರು ತಿಂಗಳ ಮೇಲೆ ಅದೇ ಮಷಿನ್, ಇನ್ನೊಂದು ಬೆರಳು.

ಮೇಲಿನ ಪ್ರೆಸ್ಸಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅವನು ಡೈಗೆ ಕೈ ಹಾಕಿದ್ದೇಕೆ? ತುಣುಕು ಸಿಕ್ಕಿಕೊಂಡಿತ್ತು. ಇಕ್ಕಳ ಬಳಸಲಿಲ್ಲವೇಕೆ? ಇರುವುದು ಒಂದೇ ಇಕ್ಕಳ, ಅದು ಪಕ್ಕದ ಮಷಿನ್‌ನಲ್ಲಿತ್ತು. ಗಾರ್ಡ್ ಇರಲಿಲ್ಲವೇಕೆ? ಈ ಡೈ ದೊಡ್ಡದು, ಗಾರ್ಡ್ ಕೂರುವುದಿಲ್ಲ ಅಂತ ಡೈ ಕೂರಿಸುವ ಸೆಟ್ಟರ್ ಬಿಚ್ಚಿಟ್ಟಿದ್ದ. ಬಿಚ್ಚಿಟ್ಟದ್ದನ್ನು ಯಾರೂ ಕೇಳಲಿಲ್ಲವೇಕೆ? ಅಂದು ಸಂಜೆ ಲೋಡ್ ಹೋಗಬೇಕಿತ್ತು. ಪೆಡಲ್ ಒತ್ತಿಹೋಯಿತೇಕೆ? ಪೆಡಲ್ ಮೇಲೆ ಮುಚ್ಚಳ ಇಲ್ಲ. ಇಷ್ಟು ಕೇಳಿದ ಮೇಲೆ ಕಾರ್ಮಿಕನ ಅಜಾಗರೂಕತೆ ಎಲ್ಲಿ ಉಳಿಯಿತು ಹೇಳಿ?

ಈಗ ಮಾಡಬೇಕಾದ್ದು ತಾನಾಗಿ ಕಾಣುತ್ತದೆ. ಆ ಡೈಗೆ ಹೊಂದುವ ಗಾರ್ಡ್ ಮಾಡಿಸಿ. ಪೆಡಲ್ ತೆಗೆದು ಎರಡೂ ಕೈಯಿಂದ ಒತ್ತಿದರೆ ಮಾತ್ರ ಇಳಿಯುವ ಸ್ವಿಚ್ ಹಾಕಿಸಿ. ಒಂದು ಕೈಯ ಸ್ವಿಚ್ಚಿಗೆ ಟೇಪ್ ಸುತ್ತಿ ಒತ್ತಿಟ್ಟಿದ್ದಾರಾ ಅಂತ ಪ್ರತಿ ಶಿಫ್ಟಿನ ಆರಂಭದಲ್ಲಿ ನೋಡಿ. ಮಷಿನ್‌ಗೊಂದು ಇಕ್ಕಳ ಸರಪಳಿಯಲ್ಲಿ ಕಟ್ಟಿಡಿ. ಡೈ ಬದಲಿಸುವಾಗ, ಸಿಕ್ಕಿದ್ದನ್ನು ಬಿಡಿಸುವಾಗ ಮೇನ್ ಆಫ್ ಮಾಡಿ ಬೀಗ ಹಾಕುವ ಪದ್ಧತಿ ತನ್ನಿ, ಕೀ ಕೆಲಸ ಮಾಡುವವನ ಜೇಬಿನಲ್ಲೇ ಇರಲಿ. ಗಾರ್ಡ್ ಇಲ್ಲದಿದ್ದರೆ ಮಷಿನ್ ನಿಲ್ಲಿಸುವ ಅಧಿಕಾರ ಆಪರೇಟರಿಗೇ ಇದೆ ಅಂತ ಮಾಲೀಕರು ಎಲ್ಲರ ಮುಂದೆ ಹೇಳಬೇಕು, ಹೇಳಿದಂತೆ ನಡೆದುಕೊಳ್ಳಬೇಕು. ಇದರ ಖರ್ಚು ಒಂದು ಬೆರಳಿಗಿಂತ ಜಾಸ್ತಿ ಅಲ್ಲ.

ತನಿಖೆಯ ಕಾಗದದಲ್ಲಿ ಪ್ರತಿ ಕ್ರಮದ ಮುಂದೆ ಯಾರು, ಯಾವ ದಿನದೊಳಗೆ ಅಂತ ಬರೆಯಿರಿ. ಮುಗಿದ ಮೇಲೆ ಫೋಟೊ ತೆಗೆದು ಲಗತ್ತಿಸಿ. ಗಾಯಗೊಂಡವನು ಮರಳಿ ಬಂದಾಗ ಅವನಿಗೂ ತೋರಿಸಿ, ಇನ್ನೇನು ಮಾಡಬೇಕು ಅಂತ ಕೇಳಿ. ಆ ಮಷಿನ್ ಬಗ್ಗೆ ಅವನಷ್ಟು ಗೊತ್ತಿರುವವರು ಯಾರಿದ್ದಾರೆ?

ಹೆಜ್ಜೆ 8: ವರ್ಷಕ್ಕೊಮ್ಮೆ ಲೆಕ್ಕ ಹಾಕಿ

ಭಾರತೀಯ ಮಾನಕ ಐಎಸ್ 3786ರಲ್ಲಿ ಇದಕ್ಕೆ ಸರಳ ಸೂತ್ರ ಇದೆ. ಕೆಲಸ ತಪ್ಪಿಸಿದ ಗಾಯಗಳ ಸಂಖ್ಯೆಯನ್ನು 10 ಲಕ್ಷದಿಂದ ಗುಣಿಸಿ, ವರ್ಷದ ಒಟ್ಟು ದುಡಿದ ಗಂಟೆಗಳಿಂದ ಭಾಗಿಸಿದರೆ ಆವರ್ತನ ದರ. ಗಾಯಗಳ ಬದಲು ನಷ್ಟವಾದ ದಿನಗಳನ್ನು ಹಾಕಿದರೆ ತೀವ್ರತೆಯ ದರ. 60 ಜನ, ದಿನಕ್ಕೆ 8 ಗಂಟೆ, 300 ದಿನ ಅಂದರೆ 1,44,000 ಗಂಟೆ. 3 ಗಾಯ, 45 ದಿನ ನಷ್ಟವಾಗಿದ್ದರೆ ಆವರ್ತನ ದರ ಸುಮಾರು 20.8, ತೀವ್ರತೆಯ ದರ 312.5. ಸಾವಿಗೆ 6000 ದಿನ ಅಂತ ಲೆಕ್ಕ. ಓವರ್‌ಟೈಮ್ ಗಂಟೆ ಸೇರಿಸಿ, ಕಾಂಟ್ರಾಕ್ಟ್ ಜನರ ಗಂಟೆಯನ್ನೂ ಸೇರಿಸಿ. ಸಣ್ಣ ಘಟಕದಲ್ಲಿ ಒಂದು ಗಾಯಕ್ಕೇ ಸಂಖ್ಯೆ ಮೇಲೆ ಕೆಳಗೆ ಹಾರುತ್ತದೆ, ಹಾಗಾಗಿ ನಾಲ್ಕೈದು ವರ್ಷ ಒಟ್ಟಿಗೆ ನೋಡಿ.

ಒಂದು ಎಚ್ಚರಿಕೆ: "ಈ ವರ್ಷ ಶೂನ್ಯ ಅಪಘಾತ ಆದರೆ ಎಲ್ಲರಿಗೂ ಬಹುಮಾನ" ಅನ್ನುವ ಯೋಜನೆ ಮಾಡಬೇಡಿ. ಗಾಯ ಕಡಿಮೆ ಆಗುವುದಿಲ್ಲ, ಹೇಳುವುದು ಕಡಿಮೆ ಆಗುತ್ತದೆ. ಬಹುಮಾನ ಕೊಡುವುದಾದರೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು, ಸ್ವಲ್ಪದರಲ್ಲಿ ತಪ್ಪಿದ್ದನ್ನು ಬರೆದು ಒಂದು ಅಪಾಯ ಸರಿಪಡಿಸಲು ಕಾರಣರಾದವರಿಗೆ ಕೊಡಿ.

ಹೆಜ್ಜೆ 9: ನಿಯಮ ಬದಲಾಗುವುದನ್ನು ಗಮನಿಸುವುದು ಹೇಗೆ

ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನೆಚ್ಚಿಕೊಂಡು ಏನನ್ನೂ ಬದಲಿಸಬೇಡಿ. ಸರ್ಕಾರ ಮೊದಲು ಕರಡು ಹೊರಡಿಸುತ್ತದೆ, ಆಕ್ಷೇಪಣೆಗೆ ಸಮಯ ಕೊಡುತ್ತದೆ, ಆಮೇಲೆ ಅಂತಿಮ ಅಧಿಸೂಚನೆ. ಕರಡನ್ನೇ ಅಂತಿಮ ಅಂತ ಹಂಚುವವರು ಬಹಳ. ಕಾಗದದ ಮೇಲ್ಭಾಗ ಓದಿ. ಕರಡು ಅಂತಿದ್ದರೆ ಅದು ಇನ್ನೂ ನಿಯಮ ಅಲ್ಲ. ಆದರೆ ನಿಮ್ಮ ಕಷ್ಟ ಹೇಳಿಕೊಳ್ಳಲು ಅದೇ ಸರಿಯಾದ ಸಮಯ. ಒಬ್ಬರೇ ಬರೆಯುವುದಕ್ಕಿಂತ ಕಾಸಿಯಾ (ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ) ಅಥವಾ ನಿಮ್ಮ ಕೈಗಾರಿಕಾ ಪ್ರದೇಶದ ಸಂಘದ ಮೂಲಕ ಬರೆದರೆ ತೂಕ ಜಾಸ್ತಿ.

ತಿಂಗಳಿಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಕರ್ನಾಟಕ ರಾಜ್ಯಪತ್ರ, ಕಾರ್ಖಾನೆಗಳ ಇಲಾಖೆಯ ಜಾಲತಾಣ, ಕೇಂದ್ರ ಕಾರ್ಮಿಕ ಸಚಿವಾಲಯ, ಇಎಸ್‌ಐ ನಿಗಮ, ಈ ನಾಲ್ಕನ್ನು ನೋಡಿ. ಅರ್ಧ ಗಂಟೆ ಸಾಕು. ಏನೂ ಹೊಸತಿಲ್ಲದಿದ್ದರೂ "ನೋಡಿದೆ, ಬದಲಾವಣೆ ಇಲ್ಲ" ಅಂತ ದಿನಾಂಕ ಹಾಕಿ ಬರೆಯಿರಿ. ಹೊಸತಿದ್ದರೆ ಆದೇಶದ ಸಂಖ್ಯೆ, ದಿನಾಂಕ, ಯಾವಾಗಿಂದ ಜಾರಿ, ನಮ್ಮಲ್ಲಿ ಏನು ಬದಲಾಗಬೇಕು, ಯಾರು ಮಾಡುತ್ತಾರೆ ಅಂತ ಬರೆಯಿರಿ. ಕನ್ಸಲ್ಟೆಂಟ್ ಇದ್ದರೆ ಒಳ್ಳೆಯದು, ಅವರಿಂದ ಅಧಿಸೂಚನೆಯ ಪ್ರತಿ ಕೇಳಿ ಪಡೆಯಿರಿ. ಬಾಯಿಮಾತು ಫೈಲಿಗೆ ಸೇರುವುದಿಲ್ಲ.

ಇದರ ಜೊತೆಗೇ ತಪಾಸಣೆಯ ದಿನಗಳ ಪಟ್ಟಿ ಇರಲಿ. ಹಾಯ್ಸ್ಟ್ ಮತ್ತು ಲಿಫ್ಟ್‌ಗಳನ್ನು 6 ತಿಂಗಳಿಗೊಮ್ಮೆ, ಕ್ರೇನ್, ಸರಪಳಿ, ಎತ್ತುವ ಬೆಲ್ಟ್‌ಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ಸಕ್ಷಮ ವ್ಯಕ್ತಿಯಿಂದ (ಇಲಾಖೆ ಮಾನ್ಯತೆ ಕೊಟ್ಟ ತಜ್ಞರಿಂದ) ಪರೀಕ್ಷೆ ಮಾಡಿಸಬೇಕು. ಬಾಯ್ಲರ್ ಇದ್ದರೆ 1923ರ ಕಾಯ್ದೆಯ ಬದಲಿಗೆ 2025ರ ಬಾಯ್ಲರ್ ಕಾಯ್ದೆ ಬಂದಿರುವುದನ್ನು ಗಮನಿಸಿ, ಪ್ರಮಾಣಪತ್ರದ ಅವಧಿ ಮುಗಿಯುವ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಲು ಗುರುತು ಮಾಡಿಟ್ಟುಕೊಳ್ಳಿ. ಲೈಸೆನ್ಸಿನಲ್ಲಿ ಬರೆದಿರುವ ಜನರ ಸಂಖ್ಯೆ, ಅಶ್ವಶಕ್ತಿ ಈಗಲೂ ಸರಿ ಇದೆಯಾ ಅಂತಲೂ ನೋಡಿ. ಹೊಸ ಮಷಿನ್ ತಂದವರು ಇದನ್ನು ಮರೆಯುತ್ತಾರೆ.

ಕೊನೆಯದಾಗಿ, ಈ ಕೆಲಸ ನೋಡುವವರು ಬಿಟ್ಟು ಹೋಗುವಾಗ ಪುಸ್ತಕಗಳನ್ನು ಕೈಬದಲಿಸುವ ಬಗ್ಗೆ. ರಿಜಿಸ್ಟರ್, ನಮೂನೆ 12ರ ಪ್ರತಿಗಳು, ಇಲಾಖೆಗೆ ಕಳಿಸಿದ ಸೂಚನೆಗಳು, ತನಿಖೆಯ ಕಾಗದ, ಜಾಲತಾಣಗಳ ಲಾಗಿನ್, ಇನ್ನೂ ಮುಗಿಯದ ಪರಿಹಾರದ ಪ್ರಕರಣಗಳ ಪಟ್ಟಿ, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಲಿ. ಲಾಗಿನ್‌ಗೆ ಕೊಟ್ಟ ಮೊಬೈಲ್ ನಂಬರ್ ಕಂಪನಿಯದ್ದೇ ಆಗಿರಲಿ. ಹಳೆಯ ಎಚ್‌ಆರ್ ಸ್ವಂತ ನಂಬರಿಗೆ ಓಟಿಪಿ ಹೋಗುತ್ತಿದ್ದರೆ, ಅಪಘಾತದ ದಿನ ನಮೂನೆ 12 ಕಳಿಸಲು ಅವರ ಫೋನ್ ಹುಡುಕಬೇಕಾಗುತ್ತದೆ. ಈ ವಾರವೇ ಒಂದು ಸಲ ಲಾಗಿನ್ ಮಾಡಿ ನೋಡಿ, ಓಟಿಪಿ ಯಾರಿಗೆ ಬರುತ್ತದೆ ಅಂತ.